ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಕ್ಕಳೇ, ಈ ವಾರ ಮೊದಲು ನನ್ನದೊಂದು ತಪ್ಪೊಪ್ಪಿಗೆ. ಎಪ್ಪತ್ತು ದಾಟಿದ ಮೇಲೂ ಮನುಷ್ಯ ತಪ್ಪು ಮಾಡುತ್ತಾನೆ, ಅದೂ ಹಿಂದೊಮ್ಮೆ ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡುತ್ತಾನೆ ಎನ್ನುವುದಕ್ಕೆ ನಾನೇ ಸಾಕ್ಷಿ.

ನಮ್ಮ ನಡುಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದಾಳೆ. ಮನೆಯ ಹದಿನೈದು ವರ್ಷದ ಫೋಟೋಗಳೆಲ್ಲ ಅದರಲ್ಲೇ ಇವೆ. ಮಗನ ಮದುವೆ, ಮೊಮ್ಮಗನ ನಾಮಕರಣ, ನನ್ನ ಅಮ್ಮ ಕೊನೆಯ ಸಲ ತುಳಸಿಕಟ್ಟೆಯ ಮುಂದೆ ಕೂತು ತೆಗೆಸಿಕೊಂಡದ್ದು, ಎಲ್ಲವೂ. ಭಾನುವಾರ ಊಟವಾದ ಮೇಲೆ ಏಳನೇ ಕ್ಲಾಸಿನ ಮೊಮ್ಮಗ ಅದರಲ್ಲಿ ಅರ್ಧ ಗಂಟೆ ಆಟವಾಡುತ್ತಾನೆ. ಹಿಮದ ಮೇಲೆ ಪೆಂಗ್ವಿನ್ ಜಾರಿಕೊಂಡು ಹೋಗುವ ಆಟ. ಅವನು ಎದ್ದ ಮೇಲೆ ನಾನು ಕೂತು ಹಳೆಯ ಫೋಟೋಗಳನ್ನು ನೋಡುತ್ತೇನೆ.

ಎರಡು ತಿಂಗಳಿಂದ ಆ ಕಂಪ್ಯೂಟರಿಗೆ ಒಂದು ರೋಗ ಅಂಟಿಕೊಂಡಿತ್ತು. ಫೋಟೋ ನೋಡುತ್ತಿದ್ದ ಹಾಗೇ ಥಟ್ಟನೆ ನಿಂತುಬಿಡುತ್ತಿತ್ತು. ಮೌಸಿನ ಬಾಣ ಓಡಾಡುತ್ತದೆ, ಚಿತ್ರ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಮೂರು ಸೆಕೆಂಡು, ಕೆಲವೊಮ್ಮೆ ಐದು ಸೆಕೆಂಡು. ನನಗೆ ತೋಚಿದ ಕಾರಣ ಒಂದೇ. ಹುಡುಗ ಆಡಿ ಎದ್ದ ಮೇಲೆಯೇ ಹೀಗಾಗುತ್ತದೆ, ಆದ್ದರಿಂದ ಆಟದ್ದೇ ತಪ್ಪು. "ನಿನ್ನ ಪೆಂಗ್ವಿನ್ನೇ ಕಂಪ್ಯೂಟರನ್ನು ಕೆಡಿಸಿದ್ದು" ಎಂದು ಗದರಿದೆ. ಆಟವನ್ನು ತೆಗೆಸಿಯೂ ಬಿಟ್ಟೆ. ಆಮೇಲೂ ರೋಗ ಹೋಗಲಿಲ್ಲ. ಆಗಲಾದರೂ ನಾನು ಯೋಚಿಸಬೇಕಿತ್ತು. ಬದಲಿಗೆ "ಕೆಡಿಸುವುದನ್ನೆಲ್ಲ ಆಗಲೇ ಕೆಡಿಸಿಬಿಟ್ಟಿದ್ದೀಯ" ಎಂದೆ. ಹುಡುಗ ಎದುರಾಡಲಿಲ್ಲ. ಆದರೆ ಮುಂದಿನ ಎರಡು ಭಾನುವಾರ ನಡುಮನೆಗೇ ಬರಲಿಲ್ಲ.

ಗೌರಿ ಹಬ್ಬಕ್ಕೆ ಮಗಳು ತವರಿಗೆ ಬಂದಳು. ಅಣ್ಣನ ಮಗನ ಮುಖ ನೋಡಿದವಳೇ ವಿಷಯವೇನೆಂದು ಕೇಳಿದಳು. ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಅಪ್ಪಾ, ಬ್ಯಾಂಕಿನಲ್ಲಿದ್ದಾಗ ನೀವು ಲೆಡ್ಜರ್ ತೆಗೆಯದೆ ಯಾರಿಗಾದರೂ ಬ್ಯಾಲೆನ್ಸ್ ಹೇಳ್ತಿದ್ರಾ?" ಎಂದಳು.

"ಕಂಪ್ಯೂಟರಿಗೆ ಎಲ್ಲಿದೆಯಮ್ಮ ಲೆಡ್ಜರು?"

"ಇದೆ. ಬನ್ನಿ, ತೋರಿಸ್ತೀನಿ. ಪುಟ್ಟಾ, ನೀನೂ ಬಾರೋ."

ಹೀಗೆ ನಾವು ಮೂವರೂ ಆ ಕಂಪ್ಯೂಟರಿನ ಮುಂದೆ ಕೂತೆವು. ಅವಳು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ನಿಮಗೆ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ನಮಗೆ ಕಾಣುವುದು ಆಟ, ಫೋಟೋ, ಹಾಡು. ಇವುಗಳ ಕೆಳಗೆ, ಕಣ್ಣಿಗೆ ಕಾಣದ ಹಾಗೆ ಒಂದು ದೊಡ್ಡ ಪ್ರೋಗ್ರಾಮು ಸದಾ ಕೆಲಸ ಮಾಡುತ್ತಿರುತ್ತದೆ. ಅದರ ಹೆಸರು ಕರ್ನಲ್. ಸೇನೆಯ ಕರ್ನಲ್ ಅಲ್ಲ, ಕಾಳಿನೊಳಗಿನ ತಿರುಳು ಎಂಬ ಅರ್ಥದ ಕರ್ನಲ್. ಪ್ರೊಸೆಸರ್ ಈಗ ಯಾರ ಕೆಲಸ ಮಾಡಬೇಕು, ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಡಿಸ್ಕಿನಿಂದ ಯಾವ ಫೈಲನ್ನು ತರಬೇಕು, ಇದೆಲ್ಲ ಅದರ ಕೈಯಲ್ಲಿ. ಲಿನಕ್ಸ್ ಎನ್ನುವುದು ಅಂಥ ಒಂದು ಕರ್ನಲ್. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅದನ್ನು ಬರೆಯಲು ಶುರುಮಾಡಿದ. ಪೆಂಗ್ವಿನ್ ಅದರ ಲಾಂಛನ. ಇಂದು ಆಂಡ್ರಾಯ್ಡ್ ಫೋನುಗಳೆಲ್ಲ ಅದೇ ಕರ್ನಲ್ ಮೇಲೆ ನಡೆಯುತ್ತವೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಇಂಜೆನ್ಯೂಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲೂ ಇದ್ದದ್ದು ಲಿನಕ್ಸೇ.

ಕರ್ನಲ್ ಒಂದೇ ಆದರೂ ಒಳಗೆ ನಮ್ಮ ಬ್ಯಾಂಕಿನ ಹಾಗೆ ವಿಭಾಗಗಳಿವೆ. ಸರದಿ ನೋಡಿಕೊಳ್ಳುವ ವಿಭಾಗ, ಮೆಮೊರಿ ವಿಭಾಗ, ಡಿಸ್ಕಿನ ವಿಭಾಗ, ನೆಟ್‌ವರ್ಕ್ ವಿಭಾಗ, ಹೀಗೆ. ಇವನ್ನು ಸಬ್‌ಸಿಸ್ಟಮ್ ಎನ್ನುತ್ತಾರೆ. ಒಂದೊಂದಕ್ಕೂ ಅದನ್ನು ಬಲ್ಲ ಉಸ್ತುವಾರಿಯವರು ಬೇರೆ ಬೇರೆ.

ಈ ಕರ್ನಲ್ಲಿನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದು ಹಿಂದೆ ಕಷ್ಟವಿತ್ತಂತೆ. ಅನುಮಾನ ಬಂದ ಕಡೆ "ಇಲ್ಲಿಗೆ ಬಂದೆ" ಎಂದು ಅಚ್ಚು ಮಾಡುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಸೇರಿಸಿ, ಇಡೀ ಕರ್ನಲ್ಲನ್ನು ಮತ್ತೆ ಕಟ್ಟಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿ ನೋಡಬೇಕು. ಅಷ್ಟರಲ್ಲಿ ರೋಗವೇ ಮಾಯವಾಗಿರಲೂಬಹುದು. 2008ರ ಅಕ್ಟೋಬರಿನಲ್ಲಿ ಸ್ಟೀವನ್ ರೋಸ್ಟೆಡ್ ಎಂಬ ಅಮೆರಿಕದ ಎಂಜಿನಿಯರ್ ಬರೆದ ಎಫ್‌ಟ್ರೇಸ್ ಎಂಬ ಸಾಧನ ಲಿನಕ್ಸಿನೊಳಗೆ ಸೇರಿತು. ಅದೇ ವರ್ಷದ ಕೊನೆಗೆ ಮಾಂಟ್ರಿಯಲ್‌ನ ಮ್ಯಾಥ್ಯೂ ಡೆನ್ವಾಯೆ ಅವರ ಟ್ರೇಸ್‌ಪಾಯಿಂಟ್ ಬಂತು. ಕರ್ನಲ್ಲಿನ ಮುಖ್ಯ ಜಾಗಗಳಲ್ಲಿ ಮೊದಲೇ ಗುರುತು ಹಾಕಿಟ್ಟುಕೊಂಡು, ಬೇಕಾದಾಗ ಮಾತ್ರ ಅಲ್ಲಿಂದ ವರದಿ ಪಡೆಯುವ ಏರ್ಪಾಡು ಅದು. ಆ ಗುರುತನ್ನು ದಾಟಿದಾಗ ಬರುವ ಒಂದೊಂದು ವರದಿಯೂ ಒಂದು ಟ್ರೇಸ್ ಈವೆಂಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ವೋಚರ್.

ಇಂಥ ಗುರುತುಗಳು ಈಗ ಸಾವಿರಕ್ಕೂ ಹೆಚ್ಚಿವೆ. ಸಾವಿರ ಬಗೆಯ ವೋಚರುಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿದರೆ ಯಾವ ಗುಮಾಸ್ತ ಹುಡುಕಿಯಾನು? ಅದಕ್ಕೇ 2009ರಲ್ಲಿ ರೋಸ್ಟೆಡ್ ಈವೆಂಟುಗಳನ್ನು ವಿಭಾಗವಾರು ಜೋಡಿಸುವ ವ್ಯವಸ್ಥೆ ತಂದರು. ಲೆಡ್ಜರಿನ ಹಾಳೆಯ ನೆತ್ತಿಯ ಮೇಲೆ ನಾವು ಖಾತೆಯ ಹೆಡ್ ಬರೆಯುತ್ತಿದ್ದೆವಲ್ಲ, ಥೇಟ್ ಹಾಗೆ. ಆಯಾ ವಿಭಾಗದ ಈವೆಂಟುಗಳನ್ನು ವಿವರಿಸುವ ಫೈಲಿನ ಮೇಲ್ಗಡೆ 'ಟ್ರೇಸ್ ಸಿಸ್ಟಮ್' ಎಂದು ಬರೆದು ವಿಭಾಗದ ಹೆಸರನ್ನು ಒಂದು ಸಲ ಹೇಳಿದರೆ ಸಾಕು, ಆ ಫೈಲಿನಲ್ಲಿರುವ ಈವೆಂಟುಗಳೆಲ್ಲ ಆ ಹೆಸರಿನ ಫೋಲ್ಡರಿನಲ್ಲಿ ಹೋಗಿ ಕೂರುತ್ತವೆ.

ಮಗಳು ಆ ಫೋಲ್ಡರುಗಳನ್ನು ತೆರೆದು ತೋರಿಸಿದಳು. ಅದನ್ನು ನೋಡಲು ಕಂಪ್ಯೂಟರಿನ ಯಜಮಾನನ ಪಾಸ್‌ವರ್ಡ್ ಬೇಕು, ಸ್ಟ್ರಾಂಗ್ ರೂಮಿನ ಬೀಗದ ಕೈ ಇದ್ದ ಹಾಗೆ. 'ಈವೆಂಟ್ಸ್' ಎಂಬ ದೊಡ್ಡ ಫೋಲ್ಡರ್. ಅದರೊಳಗೆ ಶೆಡ್, ಬ್ಲಾಕ್, ಐಆರ್‌ಕ್ಯೂ, ಕೆಮೆಮ್, ನೆಟ್, ಟೈಮರ್ ಎಂದು ಸಾಲು ಸಾಲು ಫೋಲ್ಡರುಗಳು.

"ಶೆಡ್ ಅಂದ್ರೆ ದನ ಕಟ್ಟೋ ಶೆಡ್ಡಾ ಅತ್ತೆ?" ಎಂದ ಮೊಮ್ಮಗ. ಎರಡು ವಾರದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು.

ಅಲ್ಲ, ಶೆಡ್ಯೂಲರ್ ಎನ್ನುವುದರ ಮೊಟಕು. ಪ್ರೊಸೆಸರ್ ಯಾರ ಸರದಿಗೆ ಹೋಯಿತು ಎಂಬ ಈವೆಂಟುಗಳು ಅಲ್ಲಿರುತ್ತವೆ. ಬ್ಲಾಕ್ ಎಂದರೆ ಡಿಸ್ಕಿಗೆ ಕಳಿಸಿದ ಬೇಡಿಕೆಗಳು. ಕೆಮೆಮ್ ಕರ್ನಲ್ಲಿನ ಮೆಮೊರಿಯ ಲೆಕ್ಕ. ಐಆರ್‌ಕ್ಯೂ ಎಂದರೆ ಕೀಬೋರ್ಡು, ಡಿಸ್ಕು ಮೊದಲಾದ ಭಾಗಗಳು "ಸ್ವಲ್ಪ ಇಲ್ಲಿ ನೋಡಿ" ಎಂದು ಪ್ರೊಸೆಸರನ್ನು ಕರೆಯುವ ಗಂಟೆ.

ಪ್ರತಿ ಫೋಲ್ಡರಿನಲ್ಲೂ 'ಎನೇಬಲ್' ಎಂಬ ಒಂದು ಪುಟ್ಟ ಫೈಲ್. ಅದರಲ್ಲಿ 1 ಎಂದು ಬರೆದರೆ ಆ ವಿಭಾಗದ ಈವೆಂಟುಗಳೆಲ್ಲ ಒಟ್ಟಿಗೆ ದಾಖಲಾಗತೊಡಗುತ್ತವೆ. 0 ಬರೆದರೆ ನಿಲ್ಲುತ್ತವೆ. ವಿಭಾಗದೊಳಗೆ ಒಂದೊಂದು ಈವೆಂಟಿಗೂ ಅದರದೇ ಫೋಲ್ಡರ್, ಅದರದೇ ಎನೇಬಲ್. ಇಲ್ಲಿ ಗುಮಾಸ್ತನ ಮನಸ್ಸಿಗೆ ಹಿತವಾಗುವ ಒಂದು ಸೂಕ್ಷ್ಮವಿದೆ. ವಿಭಾಗದಲ್ಲಿ ಕೆಲವು ಈವೆಂಟು ಆನ್, ಕೆಲವು ಆಫ್ ಇದ್ದರೆ, ವಿಭಾಗದ ಎನೇಬಲ್ ಫೈಲು 0 ಎಂದೂ ಹೇಳದು, 1 ಎಂದೂ ಹೇಳದು. ಎಕ್ಸ್ ಎಂಬ ಅಕ್ಷರವನ್ನು ತೋರಿಸುತ್ತದೆ. ಮಿಶ್ರವಾಗಿದೆ, ಒಳಗೆ ಹೋಗಿ ನೋಡು ಎಂದು ಅರ್ಥ. ಅರ್ಧ ಗೊತ್ತಿರುವುದನ್ನು ಪೂರ್ತಿ ಗೊತ್ತು ಎನ್ನದ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ನನ್ನಲ್ಲಿ ಅದು ಇದ್ದಿದ್ದರೆ!

"ಇಷ್ಟೆಲ್ಲ ತಲೆನೋವು ಯಾಕಮ್ಮ, ಎಲ್ಲವನ್ನೂ ಆನ್ ಮಾಡಿಬಿಡು" ಎಂದೆ.

ಹಾಗೂ ಮಾಡಬಹುದು, ಆದರೆ ಮಾಡಬಾರದು ಎಂದಳು. ಈ ದಾಖಲೆ ಡಿಸ್ಕಿನ ಮೇಲಲ್ಲ, ಮೆಮೊರಿಯಲ್ಲಿ ಬರೆದುಕೊಳ್ಳುವಂಥದ್ದು. ಅದಕ್ಕೆ ಸಿಗುವ ಜಾಗವೂ ಇಷ್ಟೇ ಎಂದು ಗೊತ್ತುಮಾಡಿದ್ದು, ಸುತ್ತು ತಿರುಗುವ ಸ್ಲೇಟಿನ ಹಾಗೆ. ತುಂಬಿದರೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಎಲ್ಲ ವಿಭಾಗವನ್ನೂ ಆನ್ ಮಾಡಿದರೆ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಾಲು ಬಂದು, ನಮಗೆ ಬೇಕಾದ ಒಂದು ಸಾಲು ಕೊಚ್ಚಿಕೊಂಡು ಹೋಗುತ್ತದೆ. ಬರೆಯುವ ಕೆಲಸವೇ ಹೆಚ್ಚಾಗಿ ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ. ಆಗ ರೋಗ ಯಾವುದು, ಪರೀಕ್ಷೆಯಿಂದ ಬಂದ ಸುಸ್ತು ಯಾವುದು ಎಂದೇ ತಿಳಿಯದು. ವಿಭಾಗ ಮಾಡಿದ್ದರ ನಿಜವಾದ ಉಪಯೋಗ ಇದು. ಯಾವುದನ್ನು ತೆರೆಯಬೇಕು ಎನ್ನುವಷ್ಟೇ, ಯಾವುದನ್ನು ಮುಚ್ಚಿಡಬೇಕು ಎನ್ನುವುದೂ ನಮ್ಮ ಕೈಯಲ್ಲಿರುತ್ತದೆ. ಮುಚ್ಚಿಟ್ಟದ್ದರಿಂದ ಹೊರೆಯೂ ಇಲ್ಲ. ಆಫ್ ಇದ್ದಾಗ ಹೆಚ್ಚಿನ ಯಂತ್ರಗಳಲ್ಲಿ ಆ ಗುರುತಿನ ಜಾಗದಲ್ಲಿ 'ಏನೂ ಮಾಡಬೇಡ, ಮುಂದೆ ನಡೆ' ಎಂಬ ಖಾಲಿ ಆದೇಶವೊಂದೇ ಇರುತ್ತದೆ. ಆನ್ ಮಾಡಿದ ಕೂಡಲೇ ಕರ್ನಲ್ ತಾನು ಓಡುತ್ತಿರುವಾಗಲೇ ತನ್ನ ಆ ಆದೇಶವನ್ನು ತಿದ್ದಿಕೊಳ್ಳುತ್ತದೆ.

ಇನ್ನೊಂದು ವಿಷಯ ಕೇಳಿ ನನಗೆ ಬಿ.ಕಾಂ. ಮೊದಲ ವರ್ಷದ ಪಾಠ ನೆನಪಾಯಿತು. ಲೆಕ್ಕಶಾಸ್ತ್ರದಲ್ಲಿ ಜರ್ನಲ್ ಬೇರೆ, ಲೆಡ್ಜರ್ ಬೇರೆ. ಜರ್ನಲ್ಲಿನಲ್ಲಿ ವ್ಯವಹಾರ ನಡೆದ ಹಾಗೆ, ದಿನಾಂಕದ ಕ್ರಮದಲ್ಲಿ ಬರೆಯುತ್ತೇವೆ. ಲೆಡ್ಜರಿನಲ್ಲಿ ಅದನ್ನೇ ಖಾತೆವಾರು ವಿಂಗಡಿಸುತ್ತೇವೆ. ಕರ್ನಲ್ಲಿನಲ್ಲಿ ಎರಡೂ ಒಂದಾಗಿದೆ. ಸ್ವಿಚ್ಚುಗಳು ಲೆಡ್ಜರಿನ ಹಾಗೆ ವಿಭಾಗವಾರು, ಆದರೆ ಓದಲು ಸಿಗುವುದು ಜರ್ನಲ್ಲಿನ ಹಾಗೆ ಕಾಲದ ಕ್ರಮದಲ್ಲಿ. ಎರಡು ವಿಭಾಗ ಆನ್ ಮಾಡಿದರೆ ಎರಡರ ಸಾಲುಗಳೂ ಗಡಿಯಾರದ ಪ್ರಕಾರ ಒಂದರ ಕೆಳಗೊಂದು ಬರುತ್ತವೆ. ಏಕೆಂದರೆ ಯಾವ ಕೆಲಸವೂ ಒಂದೇ ವಿಭಾಗದಲ್ಲಿ ಮುಗಿಯುವುದಿಲ್ಲ. ಒಂದು ಫೋಟೋ ತೆರೆಯುವುದಕ್ಕೇ ಎಷ್ಟು ಮೇಜು ದಾಟಬೇಕು ನೋಡಿ. ಪ್ರೋಗ್ರಾಮು ಫೈಲನ್ನು ಕೇಳುತ್ತದೆ. ಡಿಸ್ಕಿಗೆ ಬೇಡಿಕೆ ಹೋಗುತ್ತದೆ. ಉತ್ತರ ಬರುವ ತನಕ ಆ ಪ್ರೋಗ್ರಾಮನ್ನು ಮಲಗಿಸಿ, ಪ್ರೊಸೆಸರನ್ನು ಬೇರೆಯವರಿಗೆ ಕೊಡುತ್ತಾರೆ. ಡಿಸ್ಕು ಕೆಲಸ ಮುಗಿಸಿ ಗಂಟೆ ಬಾರಿಸುತ್ತದೆ. ಮಲಗಿದ್ದ ಪ್ರೋಗ್ರಾಮನ್ನು ಎಬ್ಬಿಸುತ್ತಾರೆ. ಆಮೇಲೆ ನಮಗೆ ಚಿತ್ರ ಕಾಣುತ್ತದೆ.

ಮಗಳು ಮೊದಲು ಶೆಡ್ ವಿಭಾಗವನ್ನು ಮಾತ್ರ ಆನ್ ಮಾಡಿ ನನ್ನ ಕೈಗೆ ಮೌಸ್ ಕೊಟ್ಟಳು. ನಾನು ನಾಮಕರಣದ ಫೋಟೋಗಳನ್ನು ತಿರುವತೊಡಗಿದೆ. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಗಕ್ಕನೆ ನಿಂತಿತು. ಅವಳು ದಾಖಲೆಯನ್ನು ತೆರೆದಳು. ಒಂದೊಂದು ಸಾಲಿನಲ್ಲೂ ಪ್ರೋಗ್ರಾಮಿನ ಹೆಸರು, ಅದರ ನಂಬರು, ಯಾವ ಪ್ರೊಸೆಸರು, ಯಾವ ಹೊತ್ತು, ಏನಾಯಿತು ಎಂದು ಇರುತ್ತದೆ. ಹೊತ್ತು ಎಂದರೆ ಸೆಕೆಂಡಿನ ನಂತರ ದಶಮಾಂಶದ 6 ಅಂಕಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದವರೆಗೆ ಲೆಕ್ಕ. ಅದರಲ್ಲಿ ಕಂಡದ್ದು ಇಷ್ಟು. ಕಂಪ್ಯೂಟರ್ ನಿಂತಂತಿದ್ದ ಹೊತ್ತಿನಲ್ಲಿ ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿಯೇ ಇತ್ತು. ಯಾರೂ ಅದನ್ನು ಕಬಳಿಸಿರಲಿಲ್ಲ. ಫೋಟೋ ಪ್ರೋಗ್ರಾಮು ಮಲಗಿತ್ತು, ಅದರ ಮುಂದೆ ಡಿ ಎಂಬ ಗುರುತಿತ್ತು. ನಡುವೆ ಎಬ್ಬಿಸಲಾಗದ ನಿದ್ದೆ ಎಂದು ಅದರ ಅರ್ಥ, ಸಾಮಾನ್ಯವಾಗಿ ಡಿಸ್ಕಿನ ದಾರಿ ಕಾಯುವಾಗ ಬರುವಂಥದ್ದು.

ಈಗ ಯಾವ ಲೆಡ್ಜರ್ ತೆಗೆಯಬೇಕೆಂದು ನನಗೂ ಗೊತ್ತಾಯಿತು. "ಬ್ಲಾಕ್" ಎಂದೆ. ಮೊಮ್ಮಗನೇ ಅದರಲ್ಲಿ 1 ಬರೆದ. ಮತ್ತೆ ಫೋಟೋ ತಿರುವಿದೆ, ಮತ್ತೆ ನಿಂತಿತು. ಬ್ಲಾಕ್ ವಿಭಾಗದಲ್ಲಿ ಬೇಡಿಕೆ ಕಳಿಸಿದ್ದಕ್ಕೆ ಒಂದು ಸಾಲು, ಮುಗಿದದ್ದಕ್ಕೆ ಇನ್ನೊಂದು ಸಾಲು. ಎರಡರಲ್ಲೂ ಡಿಸ್ಕಿನ ಯಾವ ಜಾಗ ಎಂಬ ಸೆಕ್ಟರ್ ಸಂಖ್ಯೆ ಒಂದೇ ಇರುತ್ತದೆ. ಚೆಕ್ ನಂಬರ್ ಹಿಡಿದು ಜೋಡಿ ಹುಡುಕುವುದು ನನ್ನ ಮೂವತ್ತು ವರ್ಷದ ಕಸುಬು. ಕನ್ನಡಕ ಏರಿಸಿಕೊಂಡು ನಾನೇ ಟಿಕ್ ಹಾಕುತ್ತಾ ಹೋದೆ. ಬೇರೆ ಬೇಡಿಕೆಗಳೆಲ್ಲ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಲ್ಲಿ ಮುಗಿದಿದ್ದವು. ಒಂದಕ್ಕೆ ಮಾತ್ರ ಮೂರು ಸೆಕೆಂಡಿಗೂ ಹೆಚ್ಚು ಹಿಡಿದಿತ್ತು. ಡಿಸ್ಕು ಆ ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು.

ಪೆಂಗ್ವಿನ್ನಿನದು ಏನೂ ತಪ್ಪಿರಲಿಲ್ಲ. ಡಿಸ್ಕಿಗೆ ವಯಸ್ಸಾಗಿತ್ತು, ನನ್ನ ಹಾಗೆ. ಭಾನುವಾರ ಆಟವಾದ ಮೇಲೆ ಕಂಪ್ಯೂಟರ್ ನಿಲ್ಲುತ್ತಿದ್ದದ್ದು ಏಕೆಂದರೆ, ಹಳೆಯ ಫೋಟೋಗಳನ್ನು ನಾನು ತೆರೆಯುತ್ತಿದ್ದದ್ದೇ ಭಾನುವಾರ ಆಟವಾದ ಮೇಲೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ಅಷ್ಟೇ ಅಲ್ಲ, ಎಮ್ಮೆಗೆ ಬರೆ ಎಳೆದು ನಿಶ್ಚಿಂತನಾಗಿ ಕೂತಿದ್ದರೆ ಎತ್ತು ಸತ್ತೇ ಹೋಗುತ್ತಿತ್ತು. ಮಗಳು ಅಂದೇ ಹೊಸ ಡಿಸ್ಕ್ ತರಿಸಿ ಫೋಟೋಗಳನ್ನೆಲ್ಲ ಅದಕ್ಕೆ ಸಾಗಿಸಿದಳು. ಏಳು ಫೋಟೋಗಳು ಬರಲೇ ಇಲ್ಲ. ಅಮ್ಮನ ತುಳಸಿಕಟ್ಟೆಯ ಫೋಟೋ ಬಂತು.

ಹಿಂದೊಮ್ಮೆ ಮಾಡಿದ ತಪ್ಪು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಂಬತ್ತರ ದಶಕ. ಒಂದು ಸಂಜೆ ನಮ್ಮ ಶಾಖೆಯ ಲೆಕ್ಕ ಟ್ಯಾಲಿ ಆಗಲಿಲ್ಲ. 360 ರೂಪಾಯಿ ವ್ಯತ್ಯಾಸ. ಸೇವಿಂಗ್ಸ್ ಕೌಂಟರಿನಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗನಿದ್ದ. ಹೊಸಬನ ಕೈ, ಅವನದೇ ತಪ್ಪಿರಬೇಕೆಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ಅವನ ಲೆಡ್ಜರುಗಳನ್ನೇ ರಾತ್ರಿ ಒಂಬತ್ತರ ತನಕ ತಿರುವಿದೆವು. ಅವನು ಬಸ್ಸು ತಪ್ಪಿಸಿಕೊಂಡು, ತಲೆ ತಗ್ಗಿಸಿಕೊಂಡು ಕೂತಿದ್ದ. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು, "360 ಒಂಬತ್ತರಿಂದ ಭಾಗವಾಗುತ್ತೆ ಕಣ್ರಯ್ಯ. ಯಾರೋ ಅಂಕಿ ತಿರುವುಮುರುವು ಬರೆದಿರಬೇಕು, ಎಲ್ಲ ಹೆಡ್ಡೂ ನೋಡಿ" ಎಂದರು. ಸಿಕ್ಕಿತು. ಕರೆಂಟ್ ಅಕೌಂಟ್ ಲೆಡ್ಜರಿನಲ್ಲಿ 1,260 ಇರಬೇಕಾದ ಕಡೆ 1,620. ಅಕ್ಷರ ನನ್ನದು. ಎಲ್ಲರೂ ನಕ್ಕು ಮನೆಗೆ ಹೋದೆವು. ಆ ಹುಡುಗನ ಹತ್ತಿರ ಮಾತ್ರ "ತಪ್ಪಾಯ್ತಪ್ಪ" ಎಂದು ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ನಾಳೆ ಎನ್ನುತ್ತಲೇ ಅವನಿಗೆ ವರ್ಗವಾಗಿ ಹೋಯಿತು. ಆ ಒಂದು ಎಂಟ್ರಿ ಇವತ್ತಿಗೂ ನನ್ನ ಲೆಕ್ಕದಲ್ಲಿ ಬಾಕಿ ಇದೆ.

ಅದಕ್ಕೇ ಈ ಸಲ ನಾಳೆಗೆ ಇಡಲಿಲ್ಲ. ಮಗಳ ಎದುರಿನಲ್ಲೇ ಮೊಮ್ಮಗನಿಗೆ "ತಪ್ಪು ನಂದು ಪುಟ್ಟಾ, ನೋಡದೆ ಬೈದುಬಿಟ್ಟೆ" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಹೋಗ್ಲಿ ಬಿಡು ತಾತ, ಆಟ ವಾಪಸ್ ಹಾಕ್ಸು" ಎಂದ. ಹಾಕಿಸಿದ್ದೇನೆ. ಅರ್ಧ ಗಂಟೆಯ ಲೆಕ್ಕ ಹಾಗೇ ಇದೆ, ಅದರಲ್ಲಿ ರಿಯಾಯಿತಿ ಇಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪ್ರಮಾಣಿಸುವುದಕ್ಕೆ ದಾಖಲೆ ಬೇಕು, ದಾಖಲೆ ಸಿಗುವುದಕ್ಕೆ ಅದು ಅದರದರ ಖಾನೆಯಲ್ಲಿರಬೇಕು. ಖಾನೆ ಇದ್ದರೂ ಸಾಲದು, ನಮಗೆ ಅನುಮಾನವಿರುವ ಖಾನೆಯೊಂದನ್ನೇ ತೆರೆದು ಕೂರದೆ, ಅದು ಬೆರಳು ತೋರಿಸಿದ ಮುಂದಿನ ಖಾನೆಯನ್ನೂ ತೆರೆಯುವ ಮನಸ್ಸಿರಬೇಕು. ಲಿನಕ್ಸ್ ಬರೆದವರು ಮೊದಲ ಎರಡನ್ನು ಮಾಡಿಟ್ಟಿದ್ದಾರೆ. ಮೂರನೆಯದು ನಮ್ಮ ಪಾಲಿಗೆ ಬಿಟ್ಟದ್ದು.

ಮಕ್ಕಳೇ, ಮುಂದಿನ ವಾರದವರೆಗೆ ನಿಮಗೊಂದು ಕೆಲಸ. ಯಾವುದಾದರೂ ಸಂಖ್ಯೆಯಲ್ಲಿ ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದು ಪ್ರತಿ ಸಲವೂ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡಿ. ಆಗುತ್ತದೆ ಎಂದು ನಾನು ಹೇಳಿದೆನೆಂದು ನಂಬಬೇಡಿ. ಮಾಡಿ ನೋಡಿ.